ಭ್ರಷ್ಟ ಎಂಬ ಮಾತು, ಆಳಂದದ ಪಟ್ಟಿ

2025ರ ಸೆಪ್ಟೆಂಬರ್ 18ರಂದು ನಮ್ಮ ಆಳಂದದ ಹೆಸರು ದೇಶದ ಮೊಬೈಲುಗಳಲ್ಲೆಲ್ಲ ಬಂತು. ಅಲ್ಲಿಯವರೆಗೆ ಆಳಂದ ಅಂದರೆ ಲಾಡ್ಲೆ ಮಶಾಕರ ದರ್ಗಾ, ತೊಗರಿ, ಬರ, ಪುಣೆ ಮುಂಬಯಿಗೆ ದುಡಿಯಲು ಹೋಗುವ ಮಂದಿ. ಆವತ್ತು ರಾಹುಲ್ ಗಾಂಧಿ ದಿಲ್ಲಿಯಲ್ಲಿ ಪರದೆ ಹಾಕಿ ತೋರಿಸಿದ ಮೇಲೆ ಆಳಂದ ಅಂದರೆ ಓಟಿನ ಕಳವು. ಸಂಜೆಯಾಗುವುದರೊಳಗೆ ಫೇಸ್‌ಬುಕ್ಕು ವಾಟ್ಸಾಪುಗಳ ತುಂಬ ಬೈಗುಳ, ವ್ಯಂಗ್ಯಚಿತ್ರ, ಹನಿಗವನ, ರೀಲು. ನಾನೂ ಎಂಟು ಸಾಲಿನ ಪದ್ಯ ಬರೆದು ಹಾಕಿದೆ. ಪ್ರಾಸ ಸರಿಯಾಗಿ ಕೂತಿತ್ತು. ಮೂರು ವರ್ಷ ಪತ್ರಿಕೆಗಳಲ್ಲಿ ಅಚ್ಚಾದ ನನ್ನ ಎಲ್ಲ ಕವಿತೆಗಳಿಗೆ ಸಿಕ್ಕ ಓದುಗರಿಗಿಂತ ಹೆಚ್ಚು ಮಂದಿ ಒಂದೇ ರಾತ್ರಿ ಅದಕ್ಕೆ ಹೆಬ್ಬೆಟ್ಟು ಒತ್ತಿದರು. ನಮ್ಮಜ್ಜ ಸಾಹುಕಾರನ ಸಾಲದ ಕಾಗದಕ್ಕೆ ಒತ್ತಿದ್ದ. ಇವರು ನನ್ನ ಪದ್ಯಕ್ಕೆ ಒತ್ತಿದರು. ಎರಡೂ ಕಡೆ ಓದಿ ಒತ್ತಿದವರು ಎಷ್ಟು ಮಂದಿಯೋ!

ಹಿಗ್ಗಿನಿಂದ ಅವ್ವನಿಗೆ ಓದಿ ಹೇಳಿದೆ. ಆಕೆಗೆ ಅಕ್ಷರ ಬರುವುದಿಲ್ಲ, ಕಿವಿ ಚುರುಕು. ಕೇಳಿ ಮುಗಿಸಿ ಅಂದಳು: “ಎಲ್ಲಾ ಖರೆ ತಮ್ಮಾ, ನಮ್ಮ ಹೆಸರು ಪಟ್ಟಿಯಾಗ ಅದಾವೋ ಇಲ್ಲೋ ನೋಡಿದೇನು?”

ನೋಡಿರಲಿಲ್ಲ.

ಈ ಲೇಖನ ಆ ಪದ್ಯದ ವಿಮರ್ಶೆ. ಅದರ ಜೊತೆಗೆ, ರಾಜಕಾರಣಿಗಳ ಕಳ್ಳತನದ ಬಗ್ಗೆ ನಾವು ದಿನಾ ಬೆಳಗಾದರೆ ಬರೆದು ಕಳಿಸುವ ಬರಹವೆಲ್ಲದರ ವಿಮರ್ಶೆ. ಇದನ್ನೂ ಸಾಹಿತ್ಯ ಅನ್ನಬೇಕೇ ಎಂದು ಕೇಳುವ ಪ್ರಾಧ್ಯಾಪಕರಿದ್ದಾರೆ. ಜನ ಓದುವುದೇ ಇದನ್ನು, ಬರೆಯುವುದೂ ಇದನ್ನೇ. ಇದನ್ನು ಬಿಟ್ಟು ಮುನ್ನೂರು ಪ್ರತಿಯ ಕವನ ಸಂಕಲನಗಳ ಬೆನ್ನುಡಿ ಚರ್ಚಿಸುತ್ತ ಕೂಡುವ ಪುರಸತ್ತು ಅವರಿಗಿದೆ, ನಮಗಿಲ್ಲ. 1973ರ ನವೆಂಬರಿನಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದರು. ಅವರ ಮಂತ್ರಿಗಿರಿ ಹೋಯಿತು, ನಮ್ಮ ಚಳವಳಿಗೆ ಕಿಡಿ ಹತ್ತಿತು. ಆ ಮಾತನ್ನು ಮೇಲಿನವರ ಸಾಹಿತ್ಯದ ಮೇಲೆ ಐವತ್ತು ವರ್ಷ ಪ್ರಯೋಗಿಸಿದ್ದೇವೆ. ಒಮ್ಮೆ ನಮ್ಮ ಕಿಸೆಯಲ್ಲಿರುವ ಫೋನಿನ ಮೇಲೂ ಪ್ರಯೋಗಿಸಿ ನೋಡೋಣ.

ಮೊದಲು ನಡೆದದ್ದೇನು ಎಂಬುದು. ಯಾಕೆಂದರೆ ನನ್ನ ಪದ್ಯದಲ್ಲಿ ಅದು ಇರಲೇ ಇಲ್ಲ.

ಮತದಾರರ ಪಟ್ಟಿಯಿಂದ ಹೆಸರು ತೆಗೆಯಲು ನಮೂನೆ 7 ಎಂಬ ಅರ್ಜಿ ಇದೆ. ಸತ್ತವರದು, ಊರು ಬಿಟ್ಟವರದು, ಎರಡೆರಡು ಕಡೆ ಇರುವವರದು ತೆಗೆಸಲು. 2022ರ ಡಿಸೆಂಬರಿನಲ್ಲಿ ಆಳಂದ ವಿಧಾನಸಭಾ ಕ್ಷೇತ್ರದಲ್ಲಿ ಇಂಥ 6,018 ಅರ್ಜಿಗಳು ಆನ್‌ಲೈನಿನಲ್ಲಿ ಬಂದವು. ಬಿಎಲ್‌ಒ ಒಬ್ಬಾಕೆಗೆ ತನ್ನ ಸಂಬಂಧಿಕನ ಹೆಸರಿನ ಮೇಲೇ ಅರ್ಜಿ ಬಿದ್ದದ್ದು ಕಂಡಿತು. ಹಾಕಿದವರು ಯಾರು ಎಂದು ನೋಡಿದರೆ ನೆರೆಮನೆಯವನು. ಹೋಗಿ ಕೇಳಿದಳು. ಅವನಿಗೆ ಗೊತ್ತೇ ಇಲ್ಲ! ಗುಟ್ಟು ಬಿಚ್ಚಿದ್ದು ಹೀಗೆ ಎಂದು ದಿಲ್ಲಿಯ ಆ ಪತ್ರಿಕಾಗೋಷ್ಠಿಯಲ್ಲಿಯೇ ಹೇಳಿದರು. ಅರ್ಜಿಗಳನ್ನು ಮನೆ ಮನೆಗೆ ಹೋಗಿ ಪರಿಶೀಲಿಸಿದಾಗ ಸರಿ ಇದ್ದವು 24. ಉಳಿದ 5,994 ಸುಳ್ಳು. ಚುನಾವಣಾ ಅಧಿಕಾರಿ ಕೊಟ್ಟ ದೂರಿನ ಮೇಲೆ 2023ರ ಫೆಬ್ರುವರಿ 21ರಂದು ಪೊಲೀಸ್ ಕೇಸಾಯಿತು. ಹೆಸರು ತೆಗೆಯುವ ಪ್ರಯತ್ನ ನಡೆದಿತ್ತು, ಕೈಗೂಡಲಿಲ್ಲ ಎಂದು ಚುನಾವಣಾ ಆಯೋಗವೇ 2025ರಲ್ಲಿ ಒಪ್ಪಿತು. ಈ ಕ್ಷೇತ್ರದಲ್ಲಿ 2018ರ ಸೋಲು ಗೆಲುವಿನ ಅಂತರ 697 ಓಟು. ಈಗ 5,994ರ ತೂಕ ತಿಳಿಯುತ್ತದೆ.

ಇಷ್ಟು ಕತೆಯಲ್ಲಿ ಫೋನಿನ ಗದ್ದಲ ಎಲ್ಲಿದೆ? ಎಲ್ಲೂ ಇಲ್ಲ. ಅದು ಶುರುವಾದದ್ದು ಎರಡು ವರ್ಷ ಒಂಬತ್ತು ತಿಂಗಳ ಮೇಲೆ. ಕಳವನ್ನು ಹಿಡಿದದ್ದು ಒಂದು ಹೆಂಗಸಿನ ಅನುಮಾನ, ಮನೆ ಮನೆಗೆ ತಿರುಗಿದ ಕಾಲುಗಳು. ಬಿಎಲ್‌ಒ ಅಂದರೆ ಯಾರೆಂದು ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ. ನಿಮ್ಮಲ್ಲೇ ಎಷ್ಟೋ ಮಂದಿ ಮಾಸ್ತರರು, ಅಂಗನವಾಡಿಯ ಅಕ್ಕಗಳು ಶಾಲೆಯ ಕೆಲಸದ ಮೇಲೆ ಆ ಕೆಲಸವನ್ನೂ ಹೊತ್ತವರು. ಬಿಸಿಲಲ್ಲಿ ಪಟ್ಟಿ ಹಿಡಿದು ತಿರುಗುವಾಗ ನಾಯಿಯಿಂದಲೂ ಗೌಡನಿಂದಲೂ ಬೈಸಿಕೊಂಡವರು. ನಮ್ಮ ಸಾವಿರಾರು ಪೋಸ್ಟುಗಳಲ್ಲಿ ನಿಮ್ಮ ಬಗ್ಗೆ ಒಂದು ಸಾಲನ್ನು ನಾನು ಕಾಣಲಿಲ್ಲ. ಕಳ್ಳನ ಮೇಲೆ ಬರೆದೆವು, ಕಳ್ಳನ ಪಕ್ಷದ ಮೇಲೆ ಬರೆದೆವು. ಇನ್ನೊಂದು ಕಡೆಯವರು ‘ನಿಮ್ಮ ಕಾಲದಲ್ಲೇನು ಕಡಿಮೆ ಇತ್ತೇ’ ಎಂದು ತಿರುಗಿ ಬರೆದರು. ಮೂರು ದಿನದ ಮೇಲೆ ಕ್ರಿಕೆಟ್ ಬಂತು.

ಒಂದು ವಿವರ ನನ್ನನ್ನು ಇನ್ನೂ ಬಿಟ್ಟಿಲ್ಲ. ಒಬ್ಬ ಮತದಾರನ ಹೆಸರಿನಲ್ಲಿ ಬೆಳಗಿನ ಜಾವ 4 ಗಂಟೆ 7 ನಿಮಿಷಕ್ಕೆ 36 ಸೆಕೆಂಡಿನೊಳಗೆ ಎರಡು ಅರ್ಜಿ ತುಂಬಲಾಗಿದೆ ಎಂದು ಆವತ್ತು ತೋರಿಸಿದರು. ಆ ಹೊತ್ತಿನಲ್ಲಿ ನಮ್ಮ ಕೇರಿಯಲ್ಲಿ ಎದ್ದಿರುವವರು ಯಾರು? ಕಬ್ಬಿನ ಗ್ಯಾಂಗಿಗೆ ಹೊರಡುವವರು, ತೊಗರಿ ಕೊಯ್ಲಿಗೆ ಹೋಗಲು ರೊಟ್ಟಿ ಬಡಿಯುವ ಹೆಂಗಸರು. ಅವರು ಹಿಟ್ಟು ನಾದುತ್ತಿರುವಾಗ ಎಲ್ಲೋ ಒಂದು ಯಂತ್ರ ಅವರದೇ ಹೆಸರು ಹಾಕಿಕೊಂಡು, ಅವರದೇ ನೆರೆಯವರನ್ನು ಊರು ಬಿಟ್ಟವರೆಂದು ಬರೆಯುತ್ತಿದೆ! ಬಡವನ ಓಟು ತೆಗೆಯಲು ಬಡವನದೇ ಹೆಸರು. ಹೀಗೊಂದು ಸಾಲು ನನ್ನ ಎಂಟು ಸಾಲಿನಲ್ಲಿ ಬರಲಿಲ್ಲವಲ್ಲ ಎಂದು ನಾಚಿಕೆಯಾಗುತ್ತದೆ. ನಾನು ಬರೆದದ್ದು ‘ಕುರ್ಚಿ’, ಅದಕ್ಕೆ ಪ್ರಾಸವಾಗಿ ‘ಬರ್ಚಿ’.

ಮುಂದೆ ರಾಜ್ಯ ಸರ್ಕಾರ ವಿಶೇಷ ತನಿಖಾ ದಳ ಮಾಡಿತು. ಅರ್ಜಿಯೊಂದಕ್ಕೆ 80 ರೂಪಾಯಿಯಂತೆ ಕೊಟ್ಟು ಕಲಬುರಗಿಯಲ್ಲಿ ಕೂತು ಈ ಕೆಲಸ ಮಾಡಿಸಿದ್ದಾರೆ ಎಂದು ದಳ ಹೇಳಿತು. 2025ರ ಡಿಸೆಂಬರಿನಲ್ಲಿ ಸಲ್ಲಿಸಿದ ದೋಷಾರೋಪ ಪಟ್ಟಿಯಲ್ಲಿ ಮಾಜಿ ಶಾಸಕ ಸುಭಾಷ್ ಗುತ್ತೇದಾರರ ಹೆಸರಿದೆ, ಅವರ ಮಗನದೂ ಇದೆ. ಅವರು ಆರೋಪ ಒಪ್ಪಿಲ್ಲ; ತೀರ್ಮಾನ ಕೋರ್ಟಿನದು. ನಾನು ಹೇಳಬೇಕಾದದ್ದು 80 ರೂಪಾಯಿಯ ಬಗ್ಗೆ. ಆ ಸುದ್ದಿ ಬಂದ ದಿನ ಫೋನಿನ ತುಂಬ ನಗೆಚಾಟಿಕೆ. ಒಂದು ಓಟಿಗೆ ಒಂದು ಪ್ಲೇಟ್ ಬಿರಿಯಾನಿಯೂ ಇಲ್ಲ ಅಂತ. ನನಗೆ ನಗು ಬರಲಿಲ್ಲ. ಓಟು ನಮಗೆ ಧರ್ಮಕ್ಕೆ ಸಿಕ್ಕದ್ದಲ್ಲ. 1919ರಲ್ಲಿ ಸೌತ್‌ಬರೋ ಸಮಿತಿಯ ಮುಂದೆ ನಿಂತು ಅಸ್ಪೃಶ್ಯರಿಗೆ ಮತದ ಹಕ್ಕು ಬೇಕೆಂದು ಬಾಬಾಸಾಹೇಬರು ಕೇಳಿದಾಗ ಅವರಿಗೆ ಇಪ್ಪತ್ತೇಳು ವರ್ಷ. 1948ರ ಸೆಪ್ಟೆಂಬರ್ ತನಕ ನಿಜಾಮನ ಕೆಳಗಿದ್ದ ನಮ್ಮ ಸೀಮೆಯಲ್ಲಿ ನಮ್ಮಜ್ಜನಂಥವರು ಓಟು ಅಂದರೇನೆಂದು ಕಂಡದ್ದೇ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ. ಊರೊಳಗಿನ ಬಾವಿಗೆ ಬಿಡದವರು ಆವತ್ತು ಒಂದೇ ಸಾಲಿನಲ್ಲಿ ಹಿಂದೆ ಮುಂದೆ ನಿಲ್ಲಬೇಕಾಯಿತು. ಆ ಸಾಲಿನಲ್ಲಿ ನಿಲ್ಲುವ ಜಾಗಕ್ಕೆ 80 ರೂಪಾಯಿ.

ಈಗ ಮಾತಿಗೆ ಬರೋಣ. ನಾವೆಲ್ಲ ಉರುಳಿಸುವ ಮಾತು ‘ಭ್ರಷ್ಟ’. ಭ್ರಷ್ಟ ಅಧಿಕಾರಿ, ಭ್ರಷ್ಟ ರಾಜಕಾರಣಿ, ಭ್ರಷ್ಟಾಚಾರ ತೊಲಗಲಿ. ಈ ಪದ ಎಲ್ಲಿಂದ ಬಂತು? ಭ್ರಷ್ಟ ಅಂದರೆ ಬಿದ್ದವನು. ಎಲ್ಲಿಂದ ಬಿದ್ದ? ಆಚಾರದಿಂದ. ಜಾತಿಭ್ರಷ್ಟ, ಕುಲಭ್ರಷ್ಟ, ಆಚಾರಭ್ರಷ್ಟ ಎಂದು ನಮ್ಮ ಮುಟ್ಟಿದವರನ್ನು, ನಮ್ಮ ಮನೆಯಲ್ಲಿ ಉಂಡವರನ್ನು ಕರೆಯಲು ಇಟ್ಟುಕೊಂಡಿದ್ದ ಶಬ್ದ ಅದು. ಮಡಿ ಮೈಲಿಗೆಯ ಕೋಣೆಯಿಂದ ಬಂದ ಈ ಶಬ್ದದಲ್ಲಿ ಕದ್ದವನು ಮೈಲಿಗೆಯಾದ ಎಂಬ ದುಃಖ ಇದೆ. ಯಾರದನ್ನು ಕದ್ದ ಎಂಬ ಪ್ರಶ್ನೆ ಇಲ್ಲ. ಒಂದು ಪೈಸೆ ಲಂಚ ಮುಟ್ಟದೆ, ಆದರೆ ನಮ್ಮಪ್ಪನಂಥವರನ್ನು ಕಚೇರಿಯ ಪಡಸಾಲೆಗೂ ಹತ್ತಿಸದೆ ಕಾಲ ಕಳೆದ ಕುಲಕರ್ಣಿ ಈ ಶಬ್ದದ ಲೆಕ್ಕದಲ್ಲಿ ಶುದ್ಧ. 2011ರಲ್ಲಿ ಅಣ್ಣಾ ಹಜಾರೆಯವರ ಚಳವಳಿ ದಿಲ್ಲಿಯ ಮೈದಾನ ತುಂಬಿದಾಗ ದಲಿತ ಸಂಘಟನೆಗಳು ಅನುಮಾನದಿಂದ ದೂರ ನಿಂತದ್ದು ಸುಮ್ಮನೆ ಅಲ್ಲ. ಇವತ್ತಿಗೂ ನೋಡಿ: ಲಂಚದಲ್ಲಿ ಸಿಕ್ಕಿಬಿದ್ದವನು ನಮ್ಮವನಾದರೆ ಕೆಳಗಿನ ಟೀಕೆಗಳಲ್ಲಿ ಮೀಸಲಾತಿ ಬರುತ್ತದೆ. ಮೇಲಿನವನಾದರೆ ‘ಕಾಲ ಕೆಟ್ಟಿತು’ ಅಂತ ಬರುತ್ತದೆ. ಕಳ್ಳತನ ಒಂದೇ. ನಮ್ಮವನದು ಜಾತಿಯ ಗುಣ, ಅವನದು ಕಾಲದ ಗುಣ!

ನಮ್ಮ ಮಂದಿ ‘ಭ್ರಷ್ಟ’ ಅನ್ನುವುದಿಲ್ಲ. “ರೊಕ್ಕ ತಿಂದಾನ” ಅಂತಾರೆ. “ನಮ್ಮ ಮನಿ ತಿಂದ”, “ರೋಡ್ ತಿಂದ”, “ಹುಡುಗರ ಹಾಸ್ಟೆಲ್ ಅನ್ನ ತಿಂದ”. ತಿಂದ ಎಂದ ಕೂಡಲೇ ಮುಂದಿನ ಪ್ರಶ್ನೆ ತಾನೇ ಏಳುತ್ತದೆ: ಯಾರ ತಾಟಿನಾಗಿಂದು? ನಾಲ್ಕು ಅಕ್ಷರ ಕಲಿತ ಮೇಲೆ ನಾವು ಈ ಮಾತು ಬಿಟ್ಟು ಆ ಶಬ್ದ ಹಿಡಿದೆವು.

ಹನ್ನೆರಡನೇ ಶತಮಾನದ ಸತ್ಯಕ್ಕ ಅಂಗಳ ಗುಡಿಸುವ ಕಾಯಕದವಳು ಎನ್ನುತ್ತಾರೆ. ಲಂಚಕ್ಕೆ ಕೈ ಒಡ್ಡುವುದಿಲ್ಲ, ದಾರಿಯಲ್ಲಿ ಬಿದ್ದ ಹೊನ್ನನ್ನೂ ಎತ್ತುವುದಿಲ್ಲ ಎಂದು ಆಣೆ ಇಟ್ಟ ವಚನ ಅವಳದು. ಅದರಲ್ಲಿ ಯಾರಿಗೂ ಬೈಗುಳ ಇಲ್ಲ. ಒಂದು ಕೈ ಇದೆ, ಅದು ಅವಳದೇ. ಕಸಬರಿಗೆ ಹಿಡಿದ ಕೈ ಹೊನ್ನಿನ ಮುಂದೆ ನಿಂತಿದೆ. ಲಂಚದ ಮೇಲೆ ನಾವು ಬರೆಯುವ ಪದ್ಯಗಳಲ್ಲಿ ಯಾರ ಕೈಯೂ ಕಾಣುವುದಿಲ್ಲ, ಬರೆದವನ ಬೆರಳು ಮಾತ್ರ.

ಅಫಜಲಪುರದ ಕಡೆ ತಿರುಗೋಣ. ಇಲ್ಲಿ ಫೋನಿನ ಪರವಾಗಿಯೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. 2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಫಲಿತಾಂಶ ಬಂದ ಮೇಲೆ ಕಲಬುರಗಿಯ ಒಂದು ಕೇಂದ್ರದಲ್ಲಿ ಬರೆದವನ ಒಎಂಆರ್ ಹಾಳೆಯ ಚಿತ್ರ ಕೈಯಿಂದ ಕೈಗೆ ಹೋಯಿತು. ಉತ್ತರ ಗುರುತು ಮಾಡಿದ್ದು 21 ಪ್ರಶ್ನೆಗೆ, ಸಿಕ್ಕ ಅಂಕ 121. ಅಷ್ಟೇ. ಮೇಲೆ ಯಾವ ಕವನವೂ ಇಲ್ಲ, ‘ಎಚ್ಚೆತ್ತುಕೊಳ್ಳಿ ಕನ್ನಡಿಗರೇ’ ಇಲ್ಲ. ಸಿಐಡಿ ತನಿಖೆಯಾಯಿತು, ಎಡಿಜಿಪಿ ದರ್ಜೆಯ ಅಧಿಕಾರಿಯ ಬಂಧನವಾಯಿತು, 2022ರ ಏಪ್ರಿಲಿನಲ್ಲಿ ನೇಮಕಾತಿಯೇ ರದ್ದಾಯಿತು. ಆ ವರ್ಷ ಕನ್ನಡದಲ್ಲಿ ಬಂದ ಅತ್ಯಂತ ಹರಿತವಾದ ಬರಹ ಯಾವುದು ಎಂದು ಕೇಳಿದರೆ ನಾನು ಆ ಹಾಳೆಯನ್ನು ತೋರಿಸುತ್ತೇನೆ. ಖಾಲಿ ಬಿಟ್ಟ ಗುಂಡುಗಳೇ ಮಾತಾಡಿದವು.

ಅದೇ ಹಗರಣದ ಇನ್ನೊಂದು ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಿ. ಅಫಜಲಪುರ ತಾಲೂಕಿನ ಆರ್.ಡಿ. ಪಾಟೀಲ ಅದರ ಮುಖ್ಯ ಆರೋಪಿಗಳಲ್ಲೊಬ್ಬ. 2023ರ ಅಕ್ಟೋಬರಿನಲ್ಲಿ ನಿಗಮ ಮಂಡಳಿಗಳ ಪರೀಕ್ಷೆಯಲ್ಲಿ ಬ್ಲೂಟೂತ್ ಹಗರಣ ಹೊರಬಿದ್ದಾಗ ಅಲ್ಲಿಯೂ ಅವನ ಹೆಸರೇ ಬಂತು. ಪೊಲೀಸರು ಬರುವುದರೊಳಗೆ ಕಲಬುರಗಿಯ ಅಪಾರ್ಟ್‌ಮೆಂಟೊಂದರ ಕಾಂಪೌಂಡು ಹಾರಿ ಅವನು ಓಡಿದ ಸಿಸಿಟಿವಿ ದೃಶ್ಯ ನವೆಂಬರಿನಲ್ಲಿ ಊರೂರು ಸುತ್ತಿತು. ಅದಕ್ಕೆ ಸಿನಿಮಾ ಹಾಡು ಹಚ್ಚಿದರು. ನಾನೂ ನಕ್ಕೆ, ನಾಲ್ಕು ಮಂದಿಗೆ ಕಳಿಸಿದೆ. ನಗುವಿನ ಕೆಲಸವೇ ಇದು: ಕಳ್ಳ ನಾಯಕನಾಗುತ್ತಾನೆ, ಕಾಂಪೌಂಡು ರಂಗಮಂಚವಾಗುತ್ತದೆ. ಕಳಕೊಂಡವನು ನೋಡುಗರ ಸಾಲಿನಲ್ಲಿ ಕೂತು ತಾನೂ ನಗುತ್ತಾನೆ. ಕಳಕೊಂಡವರು ಯಾರು? ಐದು ಗಂಟೆಗೆ ಎದ್ದು ಕಾಲೇಜು ಮೈದಾನದಲ್ಲಿ ಓಡಿ, ಲೈಬ್ರರಿ ಬೆಂಚಿನ ಮೇಲೆ ಹಗಲು ಕಳೆದು, ಊರಿಂದ ಅಕ್ಕಿ ರೊಕ್ಕ ತರಿಸಿಕೊಂಡು ಓದಿದ ಹುಡುಗರು. 545ರ ಪಟ್ಟಿಯಲ್ಲಿ ನೆಟ್ಟಗೆ ಬರೆದು ಪಾಸಾದವರೂ ಇದ್ದರು, ಅವರದೂ ಹೋಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ಕ್ಕೆ. ಎರಡು ವರ್ಷ ಮೂರು ತಿಂಗಳಲ್ಲಿ ಎಷ್ಟು ಜನರ ಮನೆಯಲ್ಲಿ ಮದುವೆ ಮುರಿದವು, ಎಷ್ಟು ಜನ ಪುಸ್ತಕ ಮಾರಿ ಡೆಲಿವರಿ ಗಾಡಿ ಹತ್ತಿದರು ಎಂಬುದಕ್ಕೆ ಯಾರೂ ಹಾಡು ಹಚ್ಚಲಿಲ್ಲ.

ಮತ್ತೆ ಆಳಂದ. 2025ರ ಜೂನಿನಲ್ಲಿ ಒಂದು ಆಡಿಯೊ ಹೊರಬಂತು. ಆಳಂದದ ಶಾಸಕ ಬಿ.ಆರ್. ಪಾಟೀಲರು ವಸತಿ ಸಚಿವರ ಆಪ್ತ ಕಾರ್ಯದರ್ಶಿಯೊಂದಿಗೆ ಮಾತಾಡಿದ್ದು. ರಾಜೀವ್ ಗಾಂಧಿ ವಸತಿ ನಿಗಮದ ಮನೆಗಳು ರೊಕ್ಕ ಕೊಟ್ಟವರಿಗೆ ಹೋಗಿವೆ ಎಂಬುದು ಅವರ ಆರೋಪ. ದನಿ ತಮ್ಮದೇ ಎಂದು ಅವರು ಒಪ್ಪಿಕೊಂಡರು. ಸಚಿವ ಜಮೀರ್ ಅಹಮದ್ ಖಾನ್ ಆರೋಪ ಅಲ್ಲಗಳೆದರು. ತನ್ನದೇ ಪಕ್ಷದ ಸರ್ಕಾರದ ಬಗ್ಗೆ ಹಾಗೆ ಮಾತಾಡಲು ಗುಂಡಿಗೆ ಬೇಕು, ಅದನ್ನು ಒಪ್ಪೋಣ. ಆದರೆ ನಾಟಕ ವಿಮರ್ಶೆ ಮಾಡುವವನಂತೆ ಆ ಆಡಿಯೊ ಕೇಳಿ ನೋಡಿ: ಎರಡು ಪಾತ್ರ, ಇಬ್ಬರೂ ಅಧಿಕಾರದ ಮನೆಯವರು. ಮನೆಯಿಲ್ಲದವಳ ದನಿ ಅದರಲ್ಲಿಲ್ಲ. ನಾವು ವಾರಗಟ್ಟಲೆ ಚರ್ಚಿಸಿದ್ದು ಏನನ್ನು? ಪಾಟೀಲರಿಗೆ ಮಂತ್ರಿಗಿರಿ ಸಿಗದ ಸಿಟ್ಟೋ, ಮುಖ್ಯಮಂತ್ರಿ ಯಾರ ಕಡೆಯೋ, ಆಡಿಯೊ ಬಿಟ್ಟವರು ಯಾರೋ. ಕಾಯ್ದೆಯ ಪ್ರಕಾರ ಮನೆ ಯಾರಿಗೆ ಎಂದು ಆರಿಸಬೇಕಾದದ್ದು ಗ್ರಾಮಸಭೆ. ನಮ್ಮೂರ ಗ್ರಾಮಸಭೆ ಯಾವತ್ತು ಕೂಡಿತ್ತು, ಪಟ್ಟಿಯಲ್ಲಿ ಯಾರಿದ್ದರು, ಅದನ್ನು ಯಾರು ಓದಿದರು ಎಂದು ಕೇಳಿದ ಒಂದು ಪೋಸ್ಟು ನನ್ನ ಫೋನಿಗೆ ಬರಲಿಲ್ಲ. ನಾನೂ ಹಾಕಲಿಲ್ಲ.

ಓದುವುದು ಎಂಬ ಮಾತು ಬಂತು. ರಾಜಸ್ಥಾನದಲ್ಲಿ ಮಜದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರ ಡಿಸೆಂಬರಿನಲ್ಲಿ ಕೋಟ್‌ಕಿರಾನಾ ಎಂಬ ಊರಲ್ಲಿ ಜನರನ್ನು ಕೂಡಿಸಿ ಸರ್ಕಾರಿ ಕಾಮಗಾರಿಯ ಹಾಜರಿ ಪಟ್ಟಿಯನ್ನು ಬಯಲಲ್ಲಿ ಜೋರಾಗಿ ಓದಿದರು. ಕೂಲಿಯೇ ಮಾಡದವರ ಹೆಸರಿಗೆ ಕೂಲಿ ಬಿದ್ದದ್ದು ಕೂತವರ ಕಿವಿಗೇ ಸಿಕ್ಕಿಬಿತ್ತು. ಅಲ್ಲಿಂದ ಹಿಡಿದ ದಾರಿ 2005ರ ಮಾಹಿತಿ ಹಕ್ಕು ಕಾಯ್ದೆಗೆ ಬಂದು ಮುಟ್ಟಿತು. 2025ರಲ್ಲಿ ಬಿಹಾರದ ಕರಡು ಮತದಾರರ ಪಟ್ಟಿಯಿಂದ 65 ಲಕ್ಷ ಹೆಸರು ಬಿದ್ದಾಗಲೂ ಆಗಸ್ಟ್ 14ರಂದು ಸುಪ್ರೀಂ ಕೋರ್ಟು ಹೇಳಿದ್ದು ಇದನ್ನೇ: ಯಾರ ಹೆಸರು ಬಿಟ್ಟಿದ್ದೀರಿ, ಯಾಕೆ ಬಿಟ್ಟಿದ್ದೀರಿ, ಜನ ಓದುವಂತೆ ಹಾಕಿ.

ಅವ್ವನ ಮಾತು ಚುಚ್ಚುತ್ತಲೇ ಇತ್ತು. ಕಳೆದ ತಿಂಗಳು ನಾನೂ ಇಬ್ಬರು ಗೆಳೆಯರೂ ನಮ್ಮ ಬೂತಿನ ಪಟ್ಟಿಯನ್ನು ಕಂಪ್ಯೂಟರಿನಿಂದ ಇಳಿಸಿ ಜೆರಾಕ್ಸ್ ಮಾಡಿಸಿದೆವು. ಸಂಜೆ ಅಂಬೇಡ್ಕರ್ ಕಟ್ಟೆಯ ಮೇಲೆ ಕೂತು ಓದಿದೆವು. ಕವಿಗೋಷ್ಠಿಗೆ ಬಾರದ ಮಂದಿ ಅದಕ್ಕೆ ಬಂದರು. ಬಿ.ಎ. ಓದುವ ಹುಡುಗಿಯೊಬ್ಬಳು ಓದಿದಳು: ಹೆಸರು, ಗಂಡನ ಹೆಸರು, ಮನೆ ನಂಬರು, ವಯಸ್ಸು. ಒಬ್ಬನ ವಯಸ್ಸು ಅವನಪ್ಪನಿಗಿಂತ ಹೆಚ್ಚಿತ್ತು. ಒಬ್ಬಳಿಗೆ ಮೈದುನನನ್ನು ಗಂಡ ಮಾಡಿದ್ದರು. ಕಟ್ಟೆ ತುಂಬ ನಗೆ. ಒಬ್ಬ ಮುದುಕಿ ತನ್ನ ಹೆಸರು ಬಂದಾಗ, “ಇನ್ನೊಮ್ಮಿ ಓದವ್ವಾ” ಅಂದಳು. ಲಗ್ನವಾಗಿ ಬಂದಂದಿನಿಂದ ಇಂಥವನ ಹೆಂಡತಿ, ಇಂಥವನ ತಾಯಿ ಎಂದೇ ಕರೆಸಿಕೊಂಡವಳು. ಹುಡುಗಿ ಇನ್ನೊಮ್ಮೆ ಓದಿದಳು.

ಪುಣೆಯ ಕಟ್ಟಡದ ಕೆಲಸಕ್ಕೆ ಹೋದವರ ಹೆಸರು ಬಂದಾಗ ವಾದ ಹತ್ತಿತು. ಅವರು ಊರು ಬಿಟ್ಟವರೋ ಅಲ್ಲವೋ? ವರ್ಷದಲ್ಲಿ ಎಂಟು ತಿಂಗಳು ಬೀಗ. ನಾಳೆ ಯಾರಾದರೂ ನಮೂನೆ 7 ಹಾಕಿದರೆ, ಮಾಸ್ತರರು ಬಂದು ನೋಡಿದರೆ, ಕಾಣುವುದು ಬೀಗವೇ. “ದುಡಿಯಾಕ ಹೋದವ ಊರು ಬಿಟ್ಟಂಗ ಏನ್ರೋ? ಜಾತ್ರಿಗಿ ಬರ್ತಾನ, ಓಟಿಗಿ ಬರ್ತಾನ, ಸತ್ರ ಇಲ್ಲೇ ತರ್ತೀರಿ” ಎಂದು ಒಬ್ಬ ಹಿರಿಯರು ಕೂಗಿದರು. ಅವರ ಫೋನ್ ನಂಬರುಗಳನ್ನು ಒಂದು ವಹಿಯಲ್ಲಿ ಬರೆದು, ಅರ್ಜಿ ಬಂದರೆ ಮೊದಲು ಅವರಿಗೆ ಫೋನ್ ಮಾಡಬೇಕೆಂದು ನಮ್ಮ ಬಿಎಲ್‌ಒ ಅಕ್ಕನಿಗೆ ಕೊಟ್ಟು ಬಂದೆವು. ಆಕೆ ಚಹಾ ಕುಡಿಸಿದಳು.

ಒಂದು ಹೆಸರು ಉಳಿದಿದೆ. ಎರಡು ವರ್ಷದ ಹಿಂದೆ ತೀರಿಕೊಂಡವನದು. ಅದು ಬಂದಾಗ ಅವನ ಹೆಂಡತಿ ಅಲ್ಲೇ ಕೂತಿದ್ದಳು. ಪಟ್ಟಿಯಲ್ಲಿ ಸತ್ತವರ ಹೆಸರಿರಬಾರದು ಅಕ್ಕಾ, ಅದರ ಮೇಲೆ ಬೇರೆ ಯಾರೋ ಓಟು ಹಾಕುತ್ತಾರೆ ಎಂದು ವಿವರಿಸಿ ಹೇಳಿದೆ. ತಲೆಯಾಡಿಸಿದಳು. ಎಲ್ಲರೂ ಎದ್ದು ಹೋದ ಮೇಲೆ ಹತ್ತಿರ ಬಂದು ಅಂದಳು: “ರೇಷನ್ ಕಾರ್ಡಿನಾಗ ತಗದ್ರು. ಬ್ಯಾಂಕಿನಾಗ ತಗದ್ರು. ಹೊಲ ಅಂತೂ ಇರಲಿಲ್ಲ. ಇದೊಂದರಾಗ ಅದ. ಇರಲಿ ಬಿಡಪಾ, ಸ್ವಲ್ಪ ದಿನ.”

ಆಳಂದದ ಆ 6,018ರಲ್ಲಿ ಸರಿಯಾಗಿದ್ದ 24 ಅರ್ಜಿಗಳು ಯಾರ ಹೆಸರಿನ ಮೇಲಿದ್ದವೋ, ಅವುಗಳ ಹಿಂದೆಯೂ ಇಂಥ ಮನೆಗಳಿದ್ದವೋ ಏನೋ. ನಮೂನೆ 7ನ್ನು ತುಂಬಿದ್ದೇನೆ. ಅವಳ ಕೈಯಿಂದಲೇ ಸಹಿ ಮಾಡಿಸಬೇಕು ಎಂದು ಎರಡು ಸಲ ಅವಳ ಮನೆಯ ತನಕ ಹೋಗಿ, ಬೇರೇನೋ ಮಾತಾಡಿ ಬಂದೆ. ಅದು ನನ್ನ ಕಿಸೆಯಲ್ಲೇ ಇದೆ.